ಹಾಸಿಗೆಯ ಪಕ್ಕದಲ್ಲಿ ಕೂತವರು

ಜಗತ್ತಿನ ಮನೋವೈದ್ಯಕೀಯ ಪುಸ್ತಕಗಳಲ್ಲಿ ಬಳ್ಳಾರಿಯ ಹೆಸರಿದೆ ಎಂಬುದು ನಮ್ಮ ಜಿಲ್ಲೆಯಲ್ಲೇ ಅನೇಕರಿಗೆ ಗೊತ್ತಿಲ್ಲ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅದನ್ನು ಒಂದಿಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಆರಿಸಿಕೊಂಡದ್ದು ಆಗಿನ ಅವಿಭಜಿತ ಬಳ್ಳಾರಿಯನ್ನು. ಸುಮಾರು 20 ಲಕ್ಷ ಜನರಿದ್ದ ಜಿಲ್ಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಸಿಕ್ಕಿತು. ಮನೋರೋಗ, ಮೂರ್ಛೆರೋಗದ ಮಾತ್ರೆಗಳು ಊರ ಹತ್ತಿರಕ್ಕೆ ಬಂದವು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ 'ಬಳ್ಳಾರಿ ಮಾದರಿ'ಯೇ ಬುನಾದಿ.

ಆ ಬುನಾದಿಯ ಕೆಳಗೆ ಇದ್ದವರು ಮನೆಯವರು. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟವರು, ರಾತ್ರಿ ಎದ್ದು ಕೂತವರು, ಕೂಲಿ ಬಿಟ್ಟು ಆಸ್ಪತ್ರೆಗೆ ಕರೆತಂದವರು ಅವರೇ. ರೋಗಿಯ ಆರೈಕೆಯಲ್ಲಿ ಕುಟುಂಬವನ್ನು ಸೇರಿಸಿಕೊಳ್ಳುವ ಯೋಚನೆ ನಮ್ಮಲ್ಲಿ ಹಳೆಯದು. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ಮನೆಯವರನ್ನು ರೋಗಿಯ ಜೊತೆಗೇ ಇರಿಸಿಕೊಂಡಿದ್ದರು. ಆದರೆ ಆ ಮನೆಯವರ ಪಾಡೇನು ಎಂದು ಕೇಳುವುದಕ್ಕೆ ಇನ್ನಷ್ಟು ಕಾಲ ಹಿಡಿಯಿತು.

ಹಾಗೆ ಕೇಳಿದವರಲ್ಲಿ ಬೆಂಗಳೂರಿನವರೇ ಮುಂದಿದ್ದರು. ಶೈಲಾ ಪೈ ಮತ್ತು ಆರ್.ಎಲ್. ಕಪೂರ್ 1981ರಲ್ಲಿ ಪ್ರಕಟಿಸಿದ ಕುಟುಂಬದ ಹೊರೆಯ ಪ್ರಶ್ನಾವಳಿ ಇಂದಿಗೂ ದೇಶದೆಲ್ಲೆಡೆ ಬಳಕೆಯಲ್ಲಿದೆ. ಅದರ 24 ಅಂಶಗಳು ಹಣದ ನಷ್ಟ, ಮನೆಗೆಲಸದ ಏರುಪೇರು, ತಪ್ಪಿದ ಬಿಡುವು, ಕೆಟ್ಟ ಸಂಬಂಧ, ಉಳಿದವರ ದೇಹಾರೋಗ್ಯ, ಮನಸ್ಸಿನ ಆರೋಗ್ಯ ಎಲ್ಲವನ್ನೂ ವಿಚಾರಿಸುತ್ತವೆ. ನಮ್ಮ ಮನೆಗಳನ್ನು ಬಲ್ಲವರು ಮಾಡಿದ ಪಟ್ಟಿ ಅದು.

ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದಲ್ಲಿ ಸ್ಟೀವನ್ ಝಾರಿಟ್ ಮತ್ತು ಸಂಗಡಿಗರು ಮರೆವಿನ ರೋಗಿಗಳನ್ನು ನೋಡಿಕೊಳ್ಳುವ 29 ಜನರನ್ನು ಮಾತಾಡಿಸಿದ್ದರು. ರೋಗಿಯ ವರ್ತನೆ ಕೆಟ್ಟಷ್ಟೂ ಹೊರೆ ಹೆಚ್ಚಬೇಕಲ್ಲವೇ? ಹಾಗೆ ಕಾಣಲಿಲ್ಲ. ಉಳಿದ ಬಂಧುಗಳು ಎಷ್ಟು ಸಲ ಬಂದುಹೋಗುತ್ತಾರೆ ಎಂಬುದರ ಮೇಲೆ ಹೊರೆ ನಿಂತಿತ್ತು. ಈ ಕ್ಷೇತ್ರದಲ್ಲಿ ನನಗೆ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದು ಕಂಡಿಲ್ಲ.

ಮುಂದೆ ಮನೋವಿಜ್ಞಾನಿಗಳಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ಒತ್ತಡವನ್ನು ಎದುರಿಸುವ ಬಗೆಗಳನ್ನು ವಿವರಿಸಿದರು. 1999ರಲ್ಲಿ ಶುಲ್ಜ್ ಮತ್ತು ಬೀಚ್ ಪ್ರಕಟಿಸಿದ ಅಧ್ಯಯನ ಎಚ್ಚರಿಕೆಯ ಗಂಟೆಯಾಯಿತು: ಸಂಗಾತಿಯ ಆರೈಕೆಯಲ್ಲಿ ಬಳಲಿದ ವೃದ್ಧರು ನಾಲ್ಕು ವರ್ಷಗಳಲ್ಲಿ ಸಾಯುವ ಅಪಾಯ, ಆರೈಕೆಯ ಹೊಣೆಯಿಲ್ಲದವರಿಗಿಂತ ಶೇ. 63ರಷ್ಟು ಹೆಚ್ಚಿತ್ತು. ಇತ್ತೀಚಿನ ದಶಕಗಳಲ್ಲಿ ಗಮನ ಹೊರೆಯಿಂದ ತಾಳಿಕೆಯ ಶಕ್ತಿಯತ್ತ ಹೊರಳಿದೆ. ಕೆಲವರು ಕುಸಿಯದೆ ನಿಲ್ಲುವುದು ಹೇಗೆ ಎಂಬ ಪ್ರಶ್ನೆ ಒಳ್ಳೆಯದೇ. ಆದರೆ ಅದರಲ್ಲಿ ಒಂದು ಅಪಾಯವಿದೆ. ಸೊಸೆಯನ್ನು 'ಗಟ್ಟಿಗಿತ್ತಿ' ಎಂದು ಹೊಗಳಿ ಎಲ್ಲವನ್ನೂ ಅವಳ ತಲೆಗೇ ಕಟ್ಟುವುದು ನಮಗೆ ಸಲೀಸು.

ಸಿರುಗುಪ್ಪದ ಕಡೆ ಭತ್ತದ ನಾಟಿ ಶುರುವಾದಾಗ ಇದು ಕಣ್ಣಿಗೆ ಹೊಡೆಯುತ್ತದೆ. ಲಕ್ವ ಹೊಡೆದು ಮಲಗಿದ ಅತ್ತೆಯ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಾಟಿಗೆ ಹೋದವಳು ಎರಡು ತಾಸಿಗೆ ಮನೆಗೆ ಬರಲಾರಳು. ಹೋಗದಿದ್ದರೆ ಅಂದಿನ ಕೂಲಿಯಿಲ್ಲ. ಕುರುಗೋಡಿನಿಂದ ಗಂಡನನ್ನು ಡಯಾಲಿಸಿಸ್‌ಗೆ ಬಳ್ಳಾರಿಗೆ ಕರೆತರುವವಳಿಗೆ ವಾರಕ್ಕೆ ಎರಡು ಮೂರು ದಿನ ಹೀಗೇ ಕಳೆಯುತ್ತವೆ. ಯಂತ್ರದ ಮೇಲೆ ಅವನಿಗೆ ನಾಲ್ಕು ತಾಸು, ಹೊರಗಿನ ಬೆಂಚಿನ ಮೇಲೆ ಅವಳಿಗೂ ನಾಲ್ಕು ತಾಸು. ಅವನ ಬಿಪಿ ಮತ್ತೆಮತ್ತೆ ಅಳೆಯುತ್ತಾರೆ. ಅವಳದನ್ನು ಯಾರು ಅಳೆಯುತ್ತಾರೆ? ಇಂಥವರ ಕಷ್ಟವನ್ನು ಧೈರ್ಯದ ಪಾಠದಿಂದ ನೀಗಿಸಲಾಗದು. ಬೇಕಾದ್ದು ಇನ್ನೊಂದು ಜೊತೆ ಕೈ, ಒಂದಿಷ್ಟು ಹಣ, ಒಂದು ರಾತ್ರಿಯ ನಿದ್ದೆ.

ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಸಿಗಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮೇ ಹೇಳುತ್ತದೆ. ದೀರ್ಘಕಾಲದ ಕಾಯಿಲೆಯವರ ಮನೆಗಳಿಗೂ ಇದು ವಿಸ್ತರಿಸಬೇಕು. ಜಿಲ್ಲಾ ಕಾರ್ಯಕ್ರಮವೊಂದನ್ನು ದೇಶಕ್ಕೇ ಕೊಟ್ಟ ಬಳ್ಳಾರಿಯಲ್ಲಿ, ರೋಗಿಯ ಚೀಟಿಯ ಜೊತೆ ನೋಡಿಕೊಳ್ಳುವವರಿಗೂ ಒಂದು ಚೀಟಿ ಬರೆಯುವ ಪದ್ಧತಿ ಶುರುವಾಗಲಿ. ಬಂಧುಗಳು ಹಣ್ಣು ಹಿಡಿದು ಹತ್ತು ನಿಮಿಷ ಕೂತು ಎದ್ದುಬರುವ ಬದಲು ಅರ್ಧ ದಿನ ಇದ್ದು, ಆಕೆಯನ್ನು ಮಲಗಲು ಕಳಿಸಲಿ. ಯಾರೂ ಇಲ್ಲ ಅನ್ನಿಸಿದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ. ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.