ಗುಳೆಯ ಜಾಡಿನಲ್ಲಿ ಸಾಮಾಜಿಕ ಜಾಲ: ಯಾದಗಿರಿ ಸೀಮೆಯಿಂದ ಒಂದು ಮರುವಿಚಾರ

ಆನ್‌ಲೈನ್ ಸಾಮಾಜಿಕ ಜಾಲದ ಕಾಲಾನುಕ್ರಮದ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ತಕರಾರಿಲ್ಲ: 1997ರ ಸಿಕ್ಸ್‌ಡಿಗ್ರೀಸ್, 2002ರ ಫ್ರೆಂಡ್‌ಸ್ಟರ್, 2004ರ ಆರ್ಕುಟ್ ಮತ್ತು ಫೇಸ್‌ಬುಕ್. ತಕರಾರಿರುವುದು ಈ ಸಾಲಿಗೆ ಯಾವುದನ್ನು ಸೇರಿಸಬೇಕೆಂಬಲ್ಲಿ. ಡಾನಾ ಬಾಯ್ಡ್ ಮತ್ತು ನಿಕೋಲ್ ಎಲಿಸನ್ 2007ರಲ್ಲಿ ಮೂರು ಲಕ್ಷಣ ಹೇಳಿದರು: ಬಳಕೆದಾರರ ಪರಿಚಯಪುಟ, ಅವರ ನಂಟಿನವರ ಪಟ್ಟಿ, ಆ ಪಟ್ಟಿ ಹಿಡಿದು ಇತರರ ಪಟ್ಟಿಗಳಿಗೆ ದಾಟುವ ಅವಕಾಶ. 2013ರ ಪರಿಷ್ಕರಣೆಯಲ್ಲಿ ಪರಿಚಯಪುಟದ ವ್ಯಾಖ್ಯೆ ಸಡಿಲಗೊಂಡರೂ, ನಂಟು ಇತರರ ಕಣ್ಣಿಗೆ ಬೀಳಬೇಕು, ಅದರ ಮೂಲಕ ದಾಟಲು ಬರಬೇಕು ಎಂಬ ಷರತ್ತು ಉಳಿಯಿತು.

ಈ ಷರತ್ತನ್ನು ಅಕ್ಷರಶಃ ಹಿಡಿದರೆ ವಾಟ್ಸ್‌ಆ್ಯಪ್ ಹೊರಗುಳಿಯುತ್ತದೆ. ಒಬ್ಬರ ಫೋನಿನ ಸಂಪರ್ಕಪಟ್ಟಿ ಇನ್ನೊಬ್ಬರಿಗೆ ಕಾಣದು. ನನ್ನ ಆಕ್ಷೇಪ ಇಲ್ಲಿಂದಲೇ. ನಾರಾಯಣಪುರ ಎಡದಂಡೆ ಕಾಲುವೆ ಹರಿದರೂ ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕುಗಳ ಹಳ್ಳಿ, ತಾಂಡಾಗಳಿಂದ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ನಿಂತಿಲ್ಲ. ಗುಳೆಯವರ ನಂಟಿಗೆ ಅಂತರ್ಜಾಲಕ್ಕೂ ಹಳೆಯ ಕಟ್ಟು ಇದೆ: ಮುಂಗಡ ಕೊಟ್ಟು ಕರೆದೊಯ್ಯುವ ಮೇಸ್ತ್ರಿ, ಅವನ ತಂಡ, ತಂಡದವರ ಓಣಿ. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ. ಬರೆದು ತುಂಬಬೇಕಾದ ಪರಿಚಯಪುಟ ಇಂಥಲ್ಲಿ ಎಷ್ಟು ಜನರ ಸ್ವತ್ತಾದೀತು? ವಾಟ್ಸ್‌ಆ್ಯಪ್ 2011ರಲ್ಲಿ ಗ್ರೂಪ್, 2013ರಲ್ಲಿ ವಾಯ್ಸ್ ಮೆಸೇಜ್ ತಂದಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. ಬರೆಯಲು ಬಾರದವರೂ ಸೇರಬಲ್ಲ ಜಾಲದ ಆರಂಭವನ್ನು ಈ ಸೀಮೆಯ ಮಟ್ಟಿಗೆ ಈ ವರ್ಷಗಳಲ್ಲಿ ಹುಡುಕಬೇಕು, 2004ರಲ್ಲಲ್ಲ.

ಗ್ರೂಪಿನ ಸದಸ್ಯಪಟ್ಟಿಯೇ ಇಲ್ಲಿ ಎಲ್ಲರೆದುರು ತೋರಿಸಿದ ನಂಟು ಎಂದು ನಾನು ವಾದಿಸುತ್ತೇನೆ. ದಾಟುವ ಕೆಲಸವನ್ನು ತಂತ್ರಾಂಶ ಮಾಡದು, ಎರಡೂ ಗ್ರೂಪಿನಲ್ಲಿರುವ ಮನುಷ್ಯ ಮಾಡುತ್ತಾನೆ: ಊರಿನ ಸಾವಿನ ಸುದ್ದಿ ಕೆಲಸದ ಗ್ರೂಪಿಗೆ, ಅಲ್ಲಿನ ಕೂಲಿ ದರ ಊರಿಗೆ. ಹಾಗೆಂದು ಎಲ್ಲ ಗ್ರೂಪನ್ನೂ ಜಾಲವೆನ್ನಲಾಗದು. ಮದುವೆಗೆಂದು ಕಟ್ಟಿ, ಅಕ್ಷತೆ ಬಿದ್ದ ಮೇಲೆ ಸುಮ್ಮನಾಗುವ ಗ್ರೂಪು ಬರೀ ಲಗ್ನಪತ್ರಿಕೆ. ಪಟ್ಟಿ ಕಾಣುವುದೂ ಒಳಗಿನವರಿಗಷ್ಟೇ ಎಂಬುದು ನಿಜ. ಆದರೆ ಪರಿಚಯಪುಟ ಅರೆಸಾರ್ವಜನಿಕವಾಗಿದ್ದರೂ ಸಾಕೆಂದು 2007ರ ವ್ಯಾಖ್ಯೆಯೇ ಒಪ್ಪಿತ್ತು. ಜನ ಈ ತಾಣಗಳಲ್ಲಿ ಹೊಸಬರಿಗಿಂತ ಪರಿಚಿತರೊಂದಿಗೇ ಹೆಚ್ಚು ಬೆರೆಯುತ್ತಾರೆಂದು ಗುರುತಿಸಿದವರೂ ಅವರೇ. ಅದನ್ನು ಒಪ್ಪಿದ ಮೇಲೆ ದಾಟುವ ಷರತ್ತನ್ನು ಯಂತ್ರಕ್ಕಷ್ಟೇ ಮೀಸಲಿಡುವುದು ನನಗೆ ಸುಸಂಗತವೆನಿಸದು.

ಅಡ್ಮಿನ್ ಮೇಸ್ತ್ರಿಯೇ ಆಗಿರುವಲ್ಲಿ ಅವನ ಹಿಡಿತ ಬಿಗಿಯಾಯಿತೋ, ದರ ಎಲ್ಲರಿಗೂ ತಿಳಿದು ಸಡಿಲವಾಯಿತೋ ಎಂಬುದು ಬೇರೆಯದೇ ಅಧ್ಯಯನಕ್ಕೆ ಬಿಟ್ಟದ್ದು. ಸ್ವಂತ ಫೋನಿಲ್ಲದೆ ಗಂಡನದೋ ಮಗನದೋ ನಂಬರಿನಿಂದ ಮಾತಾಡುವ ಹೆಂಗಸರನ್ನು ಆ ಪಟ್ಟಿಯಲ್ಲಿ ಹೇಗೆ ಎಣಿಸಬೇಕೆಂಬುದನ್ನೂ ಈ ವಾದ ಬಗೆಹರಿಸದು.