ಪ್ಯಾರಿಸ್ಸಿನಲ್ಲಿ ಸಲ್ಲದೆ ಹೋದ ವಾಕ್ಯ

ಮೊದಲನೆಯ ಮಹಾಯುದ್ಧವು ಮುಗಿದ ಬಳಿಕ, 1919ರಲ್ಲಿ ಗೆದ್ದ ರಾಷ್ಟ್ರಗಳ ಪ್ರತಿನಿಧಿಗಳು ಪ್ಯಾರಿಸ್ ನಗರದಲ್ಲಿ ನೆರೆದು ರಾಷ್ಟ್ರಸಂಘದ ನಿಬಂಧನೆಗಳನ್ನು ರಚಿಸತೊಡಗಿದರು. ಆ ನಿಬಂಧನೆಗಳಲ್ಲಿ ಸೇರದೆ ಹೋದ ಒಂದು ವಾಕ್ಯದ ಚರಿತ್ರೆಯು ವಿಚಾರಾರ್ಹವಾಗಿದೆ.

ಫೆಬ್ರವರಿ 13ರಂದು ಜಪಾನಿನ ಪ್ರತಿನಿಧಿಯಾದ ಮಕಿನೋ ನೊಬುಆಕಿಯು, ಸಂಘದ ಸದಸ್ಯರಾಷ್ಟ್ರಗಳು ಒಂದು ಮತ್ತೊಂದರ ಪ್ರಜೆಗಳನ್ನು ಜನಾಂಗಭೇದವೆಣಿಸದೆ ಸಮಾನವಾಗಿ ಕಾಣಬೇಕೆಂದು ಸೂಚಿಸಿದನು. ಕೇಳುವುದಕ್ಕೆ ಇದು ನಿರಪಾಯವಾದ ಧರ್ಮೋಕ್ತಿ. ಆದರೆ ಇದರ ಹಿಂದೆ ವಲಸೆಯ ಪ್ರಶ್ನೆಯು ಅಡಗಿದ್ದಿತು.

ಆಸ್ಟ್ರೇಲಿಯವು 1901ರಲ್ಲಿಯೇ ಬಿಳಿಯರಲ್ಲದವರನ್ನು ತಡೆಯುವ ಶಾಸನವನ್ನು ಮಾಡಿದ್ದಿತು. ಅದರಲ್ಲಿ ಬಣ್ಣದ ಮಾತೇ ಇರಲಿಲ್ಲ. ಅಧಿಕಾರಿಯು ತನಗೆ ತೋರಿದ ಯೂರೋಪಿನ ಭಾಷೆಯೊಂದರಲ್ಲಿ 50 ಪದಗಳನ್ನು ಹೇಳುವನು. ಬಂದವನು ಬರೆಯಲಾರದಿದ್ದರೆ ಬಾಗಿಲು ಮುಚ್ಚುವುದು. ಕೆನಡವು, ತಾಯ್ನಾಡಿನಿಂದ ನಡುವೆ ನಿಲ್ಲದೆ ಬಂದವರಿಗೆ ಮಾತ್ರ ಪ್ರವೇಶವೆಂದು 1908ರಲ್ಲಿ ವಿಧಿಸಿತು. 1914ರಲ್ಲಿ ಕೊಮಾಗಾಟ ಮಾರು ಹಡಗಿನಲ್ಲಿ ವ್ಯಾಂಕೂವರಿಗೆ ಹೋದ 376 ಭಾರತೀಯರಲ್ಲಿ ಬಹುತೇಕರು, ಎರಡು ತಿಂಗಳು ಬಂದರಿನಲ್ಲಿ ಕಾದು, ನೆಲವನ್ನು ಮೆಟ್ಟದೆಯೇ ಹಿಂದಿರುಗಬೇಕಾಯಿತು.

ಆದುದರಿಂದಲೇ ಆಸ್ಟ್ರೇಲಿಯದ ಪ್ರಧಾನಿಯಾದ ವಿಲಿಯಂ ಹ್ಯೂಸನು ಈ ಸೂಚನೆಯನ್ನು ಕಡುವಾಗಿ ವಿರೋಧಿಸಿದನು. ಬ್ರಿಟಿಷ್ ನಿಯೋಗವು ಅವನನ್ನು ಮೀರಲಿಲ್ಲ. ಜಪಾನೀಯರು ಮಾತನ್ನು ಮೆದುಗೊಳಿಸಿದರು. ಜನಾಂಗವೆಂಬ ಶಬ್ದವನ್ನೇ ಬಿಟ್ಟು, ರಾಷ್ಟ್ರಗಳ ಸಮಾನತೆಯನ್ನೂ ಅವುಗಳ ಪ್ರಜೆಗಳಿಗೆ ನ್ಯಾಯವಾದ ನಡವಳಿಯನ್ನೂ ಪೀಠಿಕೆಯಲ್ಲಿ ಸೇರಿಸಿದರೆ ಸಾಕೆಂದರು.

ಏಪ್ರಿಲ್ 11ರಂದು ಸಮಿತಿಯಲ್ಲಿ ಹಾಜರಿದ್ದ 17 ಮಂದಿಯಲ್ಲಿ 11 ಮಂದಿ ಒಪ್ಪಿದರು. ಅಧ್ಯಕ್ಷಪೀಠದಲ್ಲಿದ್ದ ಅಮೆರಿಕದ ವುಡ್ರೊ ವಿಲ್ಸನ್ನನು, ಪ್ರಬಲವಾದ ವಿರೋಧವಿರುವಾಗ ಬಹುಮತವು ಸಾಲದು, ಸರ್ವಾನುಮತವು ಬೇಕು ಎಂದು ತೀರ್ಪಿತ್ತನು. ಬಹುಮತವು ದೊರೆತಿದೆಯೆಂದು ಫ್ರಾನ್ಸಿನ ಪ್ರತಿನಿಧಿಯಾದ ಲಾರ್ನೋಡನು ನೆನಪಿಸಿದನು, ಫಲವಾಗಲಿಲ್ಲ. ನೀತಿಯನ್ನು ನೇರವಾಗಿ ನಿರಾಕರಿಸಲು ನಾಚಿದವರಿಗೆ ನಿಯಮವೇ ಮರೆಯಾಯಿತು.

ಹಾಗೆಂದು ಜಪಾನನ್ನು ಸಮಾನತೆಯ ವಕೀಲನೆಂದು ಕೊಂಡಾಡುವುದೂ ಸಲ್ಲದು. ಅದೇ ವರುಷದ ಮಾರ್ಚಿಯಲ್ಲಿ ಸ್ವಾತಂತ್ರ್ಯವನ್ನು ಕೇಳಿದ ಕೊರಿಯದ ಜನರನ್ನು ಜಪಾನೀ ಸರಕಾರವು ಶಸ್ತ್ರಬಲದಿಂದ ಅಡಗಿಸಿತು. ಬಾಗಿಲನ್ನು ತಟ್ಟಿದವನೂ ತನ್ನ ಮನೆಯ ಬಾಗಿಲನ್ನು ತೆರೆದಿರಲಿಲ್ಲ.

1924ರ ಅಮೆರಿಕದ ಶಾಸನವು ಜಪಾನೀಯರ ವಲಸೆಯನ್ನು ಪೂರ್ಣವಾಗಿ ನಿಲ್ಲಿಸಿತು. ಮತ್ತೊಂದು ಮಹಾಯುದ್ಧವಾದ ಮೇಲೆ, 1945ರ ಸಂಯುಕ್ತ ರಾಷ್ಟ್ರಗಳ ಸನ್ನದಿನಲ್ಲಿ ಜನಾಂಗಭೇದವಿಲ್ಲದ ಮಾನವ ಹಕ್ಕುಗಳ ಮಾತು ಸೇರಿತು. ಆದರೂ ಆಸ್ಟ್ರೇಲಿಯದ ಆ ಬರೆಹದ ಪರೀಕ್ಷೆಯು 1958ರವರೆಗೆ ಉಳಿದಿದ್ದಿತು. ಸಮಾನತೆಯು ಸನ್ನದಿನಲ್ಲಿ ಬರೆಯಲ್ಪಟ್ಟರೆ ಸಾಲದು. ಬಂದರಿನ ಕಟ್ಟೆಯ ಮೇಲೆ ನಿಂತ ಅಧಿಕಾರಿಯ ನಡೆಯಲ್ಲಿಯೂ ಅದು ಕಾಣಬೇಕು.