ಟಿಸಿ ಇಲ್ಲ, ಆಧಾರ್ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ: ಸರ್ಕಾರಿ ಶಾಲೆ ದಾಖಲಾತಿಗೆ ಏನು ಬೇಕು, ಏನು ಬೇಡ

ಶಾಲೆ ಶುರುವಾಗೋ ಹೊತ್ತಿಗೆ ಜೆರಾಕ್ಸ್ ಅಂಗಡಿಗಳಲ್ಲಿ ಪೋಷಕರದ್ದೇ ಸಾಲು. ಆಧಾರ್, ಜಾತಿ ಪ್ರಮಾಣ ಪತ್ರ, ರೇಷನ್ ಕಾರ್ಡ್, ಫೋಟೊ ಎಲ್ಲ ಸೇರಿ ಒಂದು ಕಟ್ಟು. ಇದರಲ್ಲಿ ಒಂದು ಕಡಿಮೆಯಾದರೂ ಮಗುವನ್ನು ಸೇರಿಸಿಕೊಳ್ಳಲ್ಲ ಎಂಬ ಭಯ ಬಹಳ ಜನರಿಗಿದೆ. ಕಾನೂನು ಹಾಗೆ ಹೇಳುವುದಿಲ್ಲ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಪ್ರತಿ ಮಗುವಿಗೂ 8ನೇ ತರಗತಿವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಆರ್‌ಟಿಇ ಅಂದ್ರೆ ಖಾಸಗಿ ಶಾಲೆಯ ಶೇ 25 ಸೀಟು ಅಂತಲೇ ಬಹಳ ಜನ ತಿಳಿದಿದ್ದಾರೆ. ಅದು ಕಾಯ್ದೆಯ ಒಂದು ಭಾಗ ಅಷ್ಟೇ.

ವಯಸ್ಸಿಗೆ ಜನನ ಪ್ರಮಾಣ ಪತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಆಸ್ಪತ್ರೆ ದಾಖಲೆ, ಅಂಗನವಾಡಿ ದಾಖಲೆ ಆಗುತ್ತೆ. ಅದೂ ಇಲ್ಲ ಅಂದ್ರೆ ಪೋಷಕರೇ ವಯಸ್ಸು ಬರೆದು ಘೋಷಣೆ ಕೊಡಬಹುದು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲೇ ಹೇಳಿದೆ. ಜಾತಿ, ಆದಾಯ ಪ್ರಮಾಣ ಪತ್ರ ಬೇಕಾಗೋದು ವಿದ್ಯಾರ್ಥಿವೇತನಕ್ಕೆ. ಅದನ್ನು ಆಮೇಲೆ ಮಾಡಿಸಿಕೊಟ್ಟರೂ ನಡೆಯುತ್ತೆ.

ನಿಜವಾದ ತಕರಾರು ಇರೋದು ಟಿಸಿಯಲ್ಲಿ. ವ್ಯಾಪಾರ ಕೈಕೊಟ್ಟು, ಮಳೆ ಕೈಕೊಟ್ಟು ಖಾಸಗಿ ಶಾಲೆ ಫೀಸು ಕಟ್ಟಲಾಗದವರು ಮಕ್ಕಳನ್ನು ಸರ್ಕಾರಿ ಶಾಲೆಗೆ ಹಾಕಲು ಹೊರಡುತ್ತಾರೆ. ಬಾಕಿ ಕಟ್ಟೋವರೆಗೂ ಟಿಸಿ ಕೊಡಲ್ಲ ಅಂತ ಹಳೇ ಶಾಲೆ ಪಟ್ಟು ಹಿಡಿಯುತ್ತೆ. ಮಗು ಮನೇಲಿ ಕೂರುತ್ತೆ. ಕಾಯ್ದೆಯ 5ನೇ ಸೆಕ್ಷನ್ ಇದಕ್ಕೇ ಇರುವುದು: ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಲು ಟಿಸಿ ಕೇಳಿದರೆ ಮುಖ್ಯ ಶಿಕ್ಷಕರು ತಕ್ಷಣ ಕೊಡಬೇಕು. ತಡ ಮಾಡಿದರೆ ಶಿಸ್ತು ಕ್ರಮ. ಟಿಸಿ ಬರುವುದು ತಡವಾಯಿತೆಂದು ಹೊಸ ಶಾಲೆಯವರೂ ದಾಖಲಾತಿ ತಡೆಯುವಂತಿಲ್ಲ. ಫೀಸಿನ ಬಾಕಿ ದೊಡ್ಡವರ ಲೆಕ್ಕ, ಅದನ್ನು ಬೇರೆಯಾಗಿ ಇತ್ಯರ್ಥ ಮಾಡಿಕೊಳ್ಳಲಿ. ಆದರೆ ಇದು 8ನೇ ತರಗತಿವರೆಗಿನ ಮಾತು. ಹೈಸ್ಕೂಲಿನ 9, 10ಕ್ಕೆ ಈ ಸೆಕ್ಷನ್ ಆಸರೆ ಇಲ್ಲ.

ಗುಳೆ ಹೋಗಿ ತಡವಾಗಿ ಬಂದ ಕುಟುಂಬದ ಮಕ್ಕಳಿಗೂ ದಾರಿ ಇದೆ. ದಾಖಲಾತಿ ದಿನ ಮುಗಿದಿದೆ ಅಂತ ಬಾಗಿಲು ಹಾಕುವಂತಿಲ್ಲ. ಶಾಲೆಯ ಮುಖವನ್ನೇ ನೋಡದ 10 ವರ್ಷದ ಹುಡುಗನನ್ನು 1ನೇ ತರಗತಿಯಲ್ಲಿ ಕೂರಿಸಬೇಕಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಹೋಟೆಲು, ಗ್ಯಾರೇಜುಗಳಲ್ಲಿ ಲೋಟ, ಸ್ಪ್ಯಾನರ್ ಹಿಡಿದಿರೋ ಹುಡುಗರಿಗೂ ಇದೇ ನಿಯಮ. 14ರೊಳಗಿನವರನ್ನು ಕೆಲಸಕ್ಕಿಟ್ಟುಕೊಂಡರೆ ಮಾಲೀಕರಿಗೆ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ ಎರಡೂ ಆಗಬಹುದು.

ಹಣದ ವಿಷಯ: ಪುಸ್ತಕ, ಸಮವಸ್ತ್ರ, ಬಿಸಿಯೂಟ ಉಚಿತ. ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟಿದ್ದ ಸುತ್ತೋಲೆಯನ್ನು 2022ರ ಅಕ್ಟೋಬರ್‌ನಲ್ಲಿ ಸರ್ಕಾರವೇ ವಾಪಸ್ ಪಡೆದಿದೆ.

ಸೇರಿಸಿಕೊಳ್ಳಲ್ಲ ಅಂದ್ರೆ ಜಗಳಕ್ಕಿಂತ ಅರ್ಜಿ ಮೇಲು. ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಸಿಆರ್‌ಪಿಗೆ ತಿಳಿಸಿ, ಬಿಇಒ ಕಚೇರಿಗೆ ದೂರು ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ದೂರನ್ನು 3 ತಿಂಗಳೊಳಗೆ ತೀರ್ಮಾನಿಸಬೇಕು. ಸಮಾಧಾನವಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.